ಮಳೆಯ ನೀರು ಮತ್ತು ಗಡಿಯ ಕಲ್ಲು



ರಾಜ್ಯಗಳ ಎಲ್ಲೆಯನ್ನು 1956ರಲ್ಲಿ ಕಾಗದದ ಮೇಲೆ ಎಳೆದರು. ನೀರಿನ ಎಲ್ಲೆಯನ್ನಾದರೋ ಭೂಮಿಯ ಏರುತಗ್ಗುಗಳು ಅದಕ್ಕೂ ಬಹು ಹಿಂದೆಯೇ ಎಳೆದಿದ್ದುವು. ಡೋಣಿ ನದಿಯು ಜತ್ತ ತಾಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಗೆ ಇಳಿದು ಕೃಷ್ಣೆಯನ್ನು ಸೇರುತ್ತದೆ. ವೇದಾವತಿಯು ಕರ್ನಾಟಕದಲ್ಲಿ ಹುಟ್ಟಿ, ರಾಯದುರ್ಗದ ಸೀಮೆಯನ್ನು ಹಾಯ್ದು, ಮರಳಿ ಬಳ್ಳಾರಿಯ ನೆಲಕ್ಕೆ ಬಂದು ತುಂಗಭದ್ರೆಯಲ್ಲಿ ಐಕ್ಯವಾಗುತ್ತದೆ. ಯಾವ ಯಾವ ಹೊಲ, ದಿಣ್ಣೆ, ಮಡ್ಡಿಗಳ ಮೇಲೆ ಬಿದ್ದ ಮಳೆಯು ಒಂದೇ ಹಳ್ಳಕ್ಕೆ ಕೂಡಿ ಬರುವುದೋ ಅವೆಲ್ಲವೂ ಸೇರಿ ಒಂದು ಜಲಾನಯನ. ಗಡಿಯ ಕಲ್ಲು ಅದರ ನಡುವೆ ನಿಂತಿದ್ದರೂ ಜಲಾನಯನ ಎರಡಾಗುವುದಿಲ್ಲ.

ಒಂದು ಅಂಗುಲ ಮಳೆ ಒಂದು ಎಕರೆಯ ಮೇಲೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರು ನೀರು. ನಮ್ಮ ಬೆದ್ದಲು ಸೀಮೆಗಳಲ್ಲಿ ಆಕಾಶವು ಕೊಡುವುದು ಸ್ವಲ್ಪವೇ ಆದರೂ, ಕೊಟ್ಟದ್ದರಲ್ಲಿ ನಾವು ಎಷ್ಟನ್ನು ಉಳಿಸಿಕೊಂಡೆವೆಂಬುದೇ ಮುಖ್ಯವಾದ ಪ್ರಶ್ನೆ. ಹರಿದುಹೋಗುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಹೊಲದ ಮೇಲ್ಮಣ್ಣನ್ನೂ ಹೊತ್ತುಕೊಂಡೇ ಹೋಗುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ಸರ್ಕಾರಿ ಸಂಶೋಧನಾ ಕೇಂದ್ರಗಳು ನಮ್ಮ ಬಾಗಿಲಿನಲ್ಲಿಯೇ ಇವೆ. ಸೊಲ್ಲಾಪುರದಲ್ಲಿಯೂ ವಿಜಯಪುರದಲ್ಲಿಯೂ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲಿಯೇ ಆರಂಭವಾಯಿತು. 1954ರಲ್ಲಿ ಕೇಂದ್ರ ಸರ್ಕಾರವು ಬಳ್ಳಾರಿಯಲ್ಲಿ ಎರೆಭೂಮಿಗಾಗಿ, ಉದಕಮಂಡಲದಲ್ಲಿ ಬೆಟ್ಟದ ಸೀಮೆಗಾಗಿ ಮಣ್ಣು-ನೀರು ಸಂರಕ್ಷಣೆಯ ಕೇಂದ್ರಗಳನ್ನು ಸ್ಥಾಪಿಸಿತು. ಬಿದ್ದ ಮಳೆಯನ್ನು ಅಳೆಯುವುದು, ಹಳ್ಳದ ಬಾಯಿಗೆ ಅಳತೆಯ ಕಟ್ಟೆ ಕಟ್ಟಿ ಹರಿದ ನೀರನ್ನು ಲೆಕ್ಕ ಹಾಕುವುದು, ಕೊಚ್ಚಿಹೋದ ಮಣ್ಣನ್ನು ತೂಗುವುದು, ಇದನ್ನೇ ವರ್ಷವರ್ಷವೂ ಬಿಡದೆ ನಡೆಸುವುದು: ಅಲ್ಲಿಯ ಕೆಲಸದ ಬುನಾದಿ ಇದು.

ಈ ತಾಳ್ಮೆಯ ಫಲವೇನೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹಾಕುವ ಸಮಪಾತಳಿಯ ಬದು ಕೆಂಪು ಮಸಾರಿ ಭೂಮಿಯಲ್ಲಿ ನೀರನ್ನು ನಿಲ್ಲಿಸಿ ಇಂಗಿಸುತ್ತದೆ. ಅದೇ ಬದುವನ್ನು ಆಳವಾದ ಎರೆಯಲ್ಲಿ ಹಾಕಿದರೆ ಕೆಡುಕಾಗುತ್ತದೆ. ಎರೆಯು ನೆನೆದಾಗ ಉಬ್ಬಿ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಬದುವಿನ ಮಗ್ಗುಲಲ್ಲಿ ನೀರು ನಿಂತು ಪೈರು ಕೊಳೆಯುತ್ತದೆ. ಬೇಸಿಗೆಯಲ್ಲಿ ಬದುವೇ ಬಿರುಕುಬಿಟ್ಟು, ಮುಂದಿನ ದೊಡ್ಡ ಮಳೆಗೆ ಒಡೆಯುತ್ತದೆ. ಆದುದರಿಂದ ಎರೆಗೆ ಸ್ವಲ್ಪ ಇಳುಕಲು ಕೊಟ್ಟ ಬದು ಹಾಕಿ, ಹೆಚ್ಚಾದ ನೀರನ್ನು ಹುಲ್ಲು ಬೆಳೆದ ಕಾಲುವೆಯ ಮೂಲಕ ಮೆಲ್ಲನೆ ಕೃಷಿಹೊಂಡಕ್ಕೆ ಇಳಿಸಬೇಕೆಂಬುದು ಸಂಶೋಧನೆ ಕಲಿಸಿದ ಪಾಠ. ಆದವಾನಿ, ಅಕ್ಕಲಕೋಟೆಗಳ ಎರೆಗೆ ಒಂದು ವಿಧಾನ, ಮಡಕಶಿರದ ಕೆಂಪು ಮಣ್ಣಿಗೆ ಇನ್ನೊಂದು ವಿಧಾನ.

ಎರಡನೆಯದು ನೀಲಗಿರಿಯದು. ಗ್ಲೆನ್‌ಮಾರ್ಗನ್ ಎಂಬಲ್ಲಿ ಉದಕಮಂಡಲದ ಕೇಂದ್ರವು ಅಕ್ಕಪಕ್ಕದ ಎರಡು ಸಣ್ಣ ಜಲಾನಯನಗಳನ್ನು ಆರಿಸಿಕೊಂಡಿತು. ಒಂದನ್ನು ಹುಲ್ಲುಗಾವಲು, ಶೋಲೆಗಳೊಡನೆ ಇದ್ದಂತೆಯೇ ಬಿಟ್ಟು, ಇನ್ನೊಂದರಲ್ಲಿ 1972ರಲ್ಲಿ ನೀಲಗಿರಿ ಮರಗಳನ್ನು ನೆಟ್ಟಿತು. ಮೊದಲ ಹತ್ತು ವರ್ಷಗಳಲ್ಲಿ ನೆಟ್ಟ ಕಡೆಯ ಹರಿವು ನೂರಕ್ಕೆ ಸುಮಾರು 16ರಷ್ಟು ಕುಗ್ಗಿತು. ಕಡಿದ ಬುಡಗಳು ಮತ್ತೆ ಚಿಗುರಿ ಬೆಳೆದಾಗ ಇನ್ನೂ ಕುಗ್ಗಿತು. ಯಾವ ಮರ ನೆಟ್ಟರೂ ತೊರೆ ತುಂಬುವುದೆಂಬ ನಂಬಿಕೆಯನ್ನು ಅಳತೆಯು ಹೀಗೆ ತಿದ್ದಿತು.

ಈ ಅರಿವು ನಮ್ಮ ಹೊಲಗಳಿಗೆ ಸಮೀಪದ್ದಾದರೂ ನಮ್ಮ ಜನಕ್ಕೆ ದೂರವಾಗಿದೆ. ಜಲಾನಯನ ಕಾಮಗಾರಿಯ ನಕಾಶೆಯೂ ಪಟ್ಟಿಯೂ ಆಯಾ ರಾಜ್ಯದ ಭಾಷೆಯಲ್ಲಿ ಬರುತ್ತವೆ. ಕನ್ನಡವೊಂದನ್ನೇ ಬಲ್ಲ ರೈತನು ಗ್ರಾಮಸಭೆಯಲ್ಲಿ ಕೈಯೆತ್ತುತ್ತಾನೆ, ಸಹಿ ಹಾಕುತ್ತಾನೆ. ತನ್ನ ಹೊಲಕ್ಕೆ ಬರುವ ಬದು ಯಾವ ಬಗೆಯದೆಂದು ತಿಳಿಯುವುದು ಅದು ಒಡೆದ ಮೇಲೆ. 2008ರ ಕೇಂದ್ರ ಮಾರ್ಗಸೂಚಿಗಳು ಜಲಾನಯನ ಸಮಿತಿಯನ್ನು ರಚಿಸುವ ಕಾರ್ಯವನ್ನು ಗ್ರಾಮಸಭೆಗೇ ಒಪ್ಪಿಸಿದುವು. ಅರಿಯದೆ ಕೊಟ್ಟ ಒಪ್ಪಿಗೆಗೆ ಬೆಲೆಯೇನು?

ಆದುದರಿಂದ ನಾವು ನಿವೇದಿಸುವುದಿಷ್ಟು. ಕಾಮಗಾರಿಯ ವಿವರವನ್ನು ಕನ್ನಡದಲ್ಲಿ ಓದಿ ಹೇಳುವವರೆಗೆ ಸಹಿ ಹಾಕಬೇಡಿರಿ. ಸಂವಿಧಾನದ 350ನೆಯ ಅನುಚ್ಛೇದವು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ, ಕನ್ನಡದಲ್ಲಿಯೇ ಬರೆದುಕೊಡಿರಿ. ಕೆಲಸವು ದಿಣ್ಣೆಯಿಂದ ಆರಂಭವಾಗಿ ತಗ್ಗಿಗೆ ಇಳಿಯಲಿ. ಮೇಲಿನ ಹೊಲಗಳನ್ನು ಬಿಟ್ಟು ಹಳ್ಳಕ್ಕೆ ಮಾತ್ರ ಒಡ್ಡು ಕಟ್ಟಿದರೆ ಅದು ಹೂಳಿನಿಂದ ತುಂಬುತ್ತದೆ. ದಿಣ್ಣೆ ಒಂದು ರಾಜ್ಯದಲ್ಲಿ, ತಗ್ಗು ಇನ್ನೊಂದರಲ್ಲಿ ಇದ್ದರೆ ಎರಡೂ ಊರುಗಳ ಪಂಚಾಯಿತಿಗಳು ಕೂಡಿ ಎರಡೂ ಜಿಲ್ಲಾಧಿಕಾರಿಗಳಿಗೆ ಒಂದೇ ಮನವಿ ಸಲ್ಲಿಸಲಿ. ಪ್ರತಿ ಕನ್ನಡ ಶಾಲೆಯಲ್ಲಿಯೂ ಒಂದು ಮಳೆಮಾಪಕವಿರಲಿ. ದಿನದ ಮಳೆಯನ್ನು ಮಕ್ಕಳು ಕನ್ನಡದ ಅಂಕಿಗಳಲ್ಲಿ ಬರೆದಿಡಲಿ. ಅಳತೆಯ ಪುಸ್ತಕವನ್ನು ಕೈಯಲ್ಲಿ ಹಿಡಿದ ಊರಿನ ಮಾತನ್ನು ಕಚೇರಿಯು ಸುಲಭವಾಗಿ ತಳ್ಳಿಹಾಕಲಾರದು.

ಜತ್ತ ತಾಲೂಕಿನ ಹಳ್ಳಿಗಳು ಹಿಂದೊಮ್ಮೆ ಕರ್ನಾಟಕವನ್ನು ಸೇರುವೆವೆಂದು ನಿರ್ಣಯ ಮಾಡಿದುದು ನೀರಿನ ಸಂಕಟದಿಂದಲೇ. 2022ರಲ್ಲಿ ಆ ಮಾತು ಮತ್ತೆ ಎದ್ದಿತು. ಏಕೀಕರಣದ ನಮ್ಮ ಬೇಡಿಕೆಯನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ನ್ಯಾಯಾಲಯದ ತೀರ್ಪಿಗಾಗಿ ನಾವು ಕಾಯಬಹುದು, ಮುಂಗಾರು ಕಾಯುವುದಿಲ್ಲ. ಈ ವರ್ಷದ ಮಳೆ ಈ ವರ್ಷವೇ ಹರಿದುಹೋಗುತ್ತದೆ. ಅದನ್ನು ಹಿಡಿದಿಡುವ ವಿದ್ಯೆಯನ್ನು ನಮ್ಮ ನುಡಿಯಲ್ಲಿ ಕೇಳಿ ಪಡೆಯುವುದು ಇಂದಿನ ಕರ್ತವ್ಯ.