ಗುಂಡಿ ಒತ್ತುವವನ ಹೊಣೆ

‘ಅವನದೇನು ಕೆಲಸ, ಗುಂಡಿ ಒತ್ತೋದು ತಾನೆ?’ ಅಮ್ಯೂಸ್‌ಮೆಂಟ್ ಪಾರ್ಕಿನ ಸಾಲಿನಲ್ಲಿ ನಿಂತವರು ರೈಡ್ ಆಪರೇಟರ್ ಬಗ್ಗೆ ಆಡುವ ಮಾತಿದು. ಗುಂಡಿ ಒತ್ತುವುದು ಅವನ ಕೆಲಸದ ತೀರಾ ಸಣ್ಣ ಭಾಗ. ಪ್ರತಿ ಸುತ್ತಿಗೂ ಒಂದೊಂದು ಸೀಟಿನ ಬೆಲ್ಟು, ಅಡ್ಡಕಂಬಿ ಎಳೆದು ನೋಡಬೇಕು. ಎತ್ತರ ಸಾಲದ ಮಗುವನ್ನು ವಾಪಸು ಕಳಿಸಿ ಅಪ್ಪನಿಂದ ಬೈಸಿಕೊಳ್ಳಬೇಕು. ಬಿಸಿಲಲ್ಲಿ ನಿಂತು, ನೂರನೆಯ ಸುತ್ತನ್ನೂ ಮೊದಲನೆಯದರಷ್ಟೇ ಎಚ್ಚರದಿಂದ ಬಿಡಬೇಕು. ರೂಢಿಯಾಗಿ ಕಣ್ಣು ತಪ್ಪುವುದೇ ಇಲ್ಲಿ ಅಪಾಯ.

2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ರೈಡ್ ಒಂದು ಮುರಿದು ಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಪೊಲೀಸರು ಬಂಧಿಸಿದವರಲ್ಲಿ ನಡೆಸುವವರು, ಮ್ಯಾನೇಜರ್ ಜೊತೆಗೆ ಆಪರೇಟರುಗಳೂ ಇದ್ದರು. ಅನಾಹುತವಾದಾಗ ಹೊಣೆಗಾರ, ಉಳಿದ ದಿನ ಬರೀ ಗುಂಡಿ ಒತ್ತುವವನು! ಈ ಎರಡು ನಾಲಗೆಯ ಮಾತು ನಿಲ್ಲಬೇಕು. ಹೊಣೆ ಹೊರಿಸುವುದಾದರೆ ತಕ್ಕ ತರಬೇತಿ, ಸಂಬಳ, ನಡುನಡುವೆ ವಿರಾಮ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಸದ್ದು ಸರಿಯಿಲ್ಲ ಅನ್ನಿಸಿದರೆ ಯಾರನ್ನೂ ಕೇಳದೆ ರೈಡ್ ನಿಲ್ಲಿಸುವ ಅಧಿಕಾರ ಕೊಡಿ. ನಿಲ್ಲಿಸಿದ್ದಕ್ಕೆ ಅವನನ್ನು ಗದರಿಸಬೇಡಿ.

ಸಾಲಿನಲ್ಲಿ ನಿಂತವರಿಗೂ ಒಂದು ಮಾತು. ರೈಡ್ ನಿಂತರೆ ಸಿಳ್ಳೆ ಹೊಡೆಯದೆ ಕಾಯಿರಿ. ನೀವು ಕೊಟ್ಟ ಟಿಕೆಟ್ಟಿನ ದುಡ್ಡಿನಲ್ಲಿ ಆ ಕಾಯುವಿಕೆಯೂ ಸೇರಿದೆ.