ಸಿಗ್ನಲ್ ಹೋದರೆ ಕನ್ನಡವೂ ಹೋಗಬೇಕೇ?

ಗೆಳೆಯರೇ, ನಿಮ್ಮ ಫೋನನ್ನು ಒಂದು ಗಂಟೆ ಏರೋಪ್ಲೇನ್ ಮೋಡಿಗೆ ಹಾಕಿ. ಈಗ ಅದರಲ್ಲಿ ಓದಲು ಕನ್ನಡ ಎಷ್ಟು ಉಳಿಯಿತು ಎಂದು ಹುಡುಕಿ. ಹತ್ತಾರು ಹಾಡು, ಕಳೆದ ರಾಜ್ಯೋತ್ಸವದ ಶುಭಾಶಯದ ಚಿತ್ರಗಳು, ಅಷ್ಟೇ ತಾನೇ? ಅಂಗೈಯಲ್ಲೇ ಜಗತ್ತಿದೆ ಎಂದು ಬೀಗುವ ನಮ್ಮ ಕನ್ನಡದ ಬಂಡವಾಳ ಇಷ್ಟು!

ರಾಯಚೂರು ನಗರದ ಸ್ಟೇಷನ್ ರಸ್ತೆಯಲ್ಲಿ ಚಹಾ ಕುಡಿಯುತ್ತಾ ಕೂತವನಿಗೆ ಇದೊಂದು ಆಟ. ದೇವದುರ್ಗದ ಆಚೆಯ ಹಳ್ಳಿಯಲ್ಲಿ, ಮಾನ್ವಿಯ ಕ್ಯಾಂಪುಗಳಲ್ಲಿ ಓದುವ ಹುಡುಗಿಗೆ ಇದೇ ಬದುಕು. ಬಸ್ಸು ಊರು ದಾಟಿದರೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಉದುರುತ್ತವೆ. ಕರೆಂಟು ಹೋದರೆ ಟವರೂ ಮಲಗುತ್ತದೆ. (1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಇಡೀ ನಾಡಿಗೆ ಬೆಳಕು ಕೊಡುತ್ತಿರುವ ಜಿಲ್ಲೆ ಇದೇ ಎಂಬುದು ನೆನಪಿರಲಿ!) ಎರಡೂ ಇದ್ದ ದಿನ ಡೇಟಾ ಪ್ಯಾಕು ಮುಗಿದಿರುತ್ತದೆ. ಮನೆಗಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಗುಳೆ ಹೋಗಿರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದರೆ ಈ ಜಿಲ್ಲೆಯದು ಶೇ. 60ರೊಳಗೇ ಇತ್ತು. ಇಂಥ ನೆಲದಲ್ಲಿ ‘ಎಲ್ಲ ಆನ್‌ಲೈನ್ ಇದೆ, ನೋಡಿಕೊಳ್ಳಿ’ ಎನ್ನುವ ಅಧಿಕಾರಿಗೆ ಏನು ಹೇಳೋಣ?

ನಿಜಾಮನ ಕಾಲದಲ್ಲಿ ಇಲ್ಲಿ ಕಚೇರಿಯಲ್ಲಿ ಉರ್ದು, ಕೋರ್ಟಿನಲ್ಲಿ ಉರ್ದು. 1948ರವರೆಗೆ ಕನ್ನಡ ಎಲ್ಲಿ ಉಳಿದಿತ್ತು? ಜನರ ಗಂಟಲಲ್ಲಿ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರವನ್ನು ಹಾಡಲು ಯಾವ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಇಂದು ಕನ್ನಡ ಗಂಟಲಿಂದ ಇಳಿದು ಎಲ್ಲೋ ದೂರದ ಸರ್ವರ್‌ಗೆ ಹೋಗಿ ಕೂತಿದೆ. ತಂತಿ ಕಡಿದರೆ ನಮಗೆ ಅದರ ದರ್ಶನವೇ ಇಲ್ಲ.

ಇದಕ್ಕೆ ದಾರಿ ಇಲ್ಲವೇ? ಇದೆ, ಅದೂ ಬಿಟ್ಟಿಯಾಗಿ. ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶ 2007ರಲ್ಲೇ ಹುಟ್ಟಿತು. ವಿಕಿಪೀಡಿಯವನ್ನು ಇಡಿಯಾಗಿ ಒಂದು ಕಡತಕ್ಕೆ ತುಂಬಿ, ಇಂಟರ್‌ನೆಟ್ ಇಲ್ಲದವರ ಕೈಗೆ ಕೊಡುವುದೇ ಅದರ ಕೆಲಸ. ಕನ್ನಡ ವಿಕಿಪೀಡಿಯದ ಕಡತವೂ ಅಲ್ಲಿದೆ. ನಗರದಲ್ಲಿ ವೈಫೈ ಸಿಕ್ಕಾಗ ಒಮ್ಮೆ ಇಳಿಸಿಕೊಂಡರೆ ಮೆಮೊರಿ ಕಾರ್ಡಿನಲ್ಲಿ ದೇವದುರ್ಗಕ್ಕೆ ಒಯ್ಯಬಹುದು, ಒಬ್ಬರಿಂದ ನೂರು ಮಂದಿಗೆ ದಾಟಿಸಬಹುದು. ಬಿಡಿ ಪುಟ ಸಾಕೆಂದರೆ ಆಂಡ್ರಾಯ್ಡ್ ಫೋನಿನ ಕ್ರೋಮ್‌ನ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿ, ಕೆಳಮುಖದ ಬಾಣ ಒತ್ತಿ. ಪುಟ ನಿಮ್ಮ ಫೋನಿನದಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ತೆರೆಯುವ ದೀಕ್ಷಾ ಆ್ಯಪಿನ ಪಾಠಗಳನ್ನೂ ಹೀಗೆ ಇಳಿಸಿಟ್ಟುಕೊಳ್ಳಬಹುದು.

ಆದರೆ ಇಳಿಸಿಕೊಳ್ಳಲು ಸರಕು ಬೇಕಲ್ಲ! ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳು. ಪಕ್ಕದ ತಮಿಳು ಒಂದೂವರೆ ಲಕ್ಷ ದಾಟಿದೆ. 2003ರಲ್ಲಿ ಶುರುವಾದ ಕನ್ನಡದ್ದು 30 ಸಾವಿರದ ಆಸುಪಾಸಿನಲ್ಲೇ ತೆವಳುತ್ತಿದೆ. ಅದಕ್ಕೆ ಬರೆಯಬೇಡಿ ಎಂದು ಯಾವ ಪರಭಾಷಿಕ ನಮ್ಮ ಕೈ ಹಿಡಿದಿದ್ದಾನೆ?

ಕೈಕಟ್ಟಿ ಕೂರದವರೂ ಇದ್ದಾರೆ. ವಿ. ಕೃಷ್ಣ ಎಂಬ ಹಿರಿಯರು ದಶಕಗಳ ಕಾಲ ಒಬ್ಬರೇ ಕೂತು ಕನ್ನಡ–ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷದಷ್ಟು ಪದಗಳು. ‘ಅಲರ್’ ಎಂಬ ಹೆಸರಿನಲ್ಲಿ ಅದು 2019ರಲ್ಲಿ ಜನರಿಗೆ ಸಿಕ್ಕಿತು. ಆನ್‌ಲೈನ್‌ನಲ್ಲಿ ನೋಡಲು ಬಿಟ್ಟಿದ್ದಷ್ಟೇ ಅಲ್ಲ, ಇಡೀ ದತ್ತಾಂಶವನ್ನೇ ಮುಕ್ತ ಪರವಾನಗಿಯಲ್ಲಿ ಕೊಟ್ಟುಬಿಟ್ಟರು. ಯಾರು ಬೇಕಾದರೂ ಇಳಿಸಿಕೊಂಡು ನೆಟ್ ಬೇಡದ ನಿಘಂಟು ಮಾಡಬಹುದು. ಒಬ್ಬ ವ್ಯಕ್ತಿಗೆ ಇಷ್ಟು ದೊಡ್ಡ ಮನಸ್ಸು ಇರುವಾಗ, ನಮ್ಮ ತೆರಿಗೆಯ ಹಣದಲ್ಲಿ ಅಚ್ಚಾದ ಅಕಾಡೆಮಿ, ಪ್ರಾಧಿಕಾರ, ವಿಶ್ವವಿದ್ಯಾಲಯಗಳ ಪುಸ್ತಕಗಳೆಲ್ಲ ಇದೇ ರೀತಿ ಜನರ ಕೈಗೆ ಬರಬೇಡವೇ?

ಇನ್ನು ಅರ್ಜಿಗಳ ಗೋಳು. ಜಾತಿ ಪತ್ರಕ್ಕೋ ವಿದ್ಯಾರ್ಥಿವೇತನಕ್ಕೋ ಅರ್ಧ ತುಂಬಿದಾಗ ಸಿಗ್ನಲ್ ಹೋದರೆ ಮತ್ತೆ ಮೊದಲಿಂದ ತುಂಬು! ಇದು ಹಣೆಬರಹವೇನಲ್ಲ, ಮಾಡಿದವರ ಸೋಮಾರಿತನ. ‘ಸರ್ವೀಸ್ ವರ್ಕರ್’ ಎಂಬ ತಂತ್ರ ಬ್ರೌಸರುಗಳಲ್ಲಿ ಬಂದು ಹತ್ತು ವರ್ಷವಾಯಿತು. ಜಾಲತಾಣದ ಪುಟಗಳನ್ನು ಅದು ಫೋನಿನಲ್ಲೇ ಇಟ್ಟುಕೊಳ್ಳುತ್ತದೆ. ಜೊತೆಗೆ, ನೀವು ತುಂಬಿದ್ದನ್ನು ಕಾಪಾಡಿಕೊಂಡು ಸಿಗ್ನಲ್ ಬಂದಾಗ ಕಳಿಸುವಂತೆಯೂ ಆ್ಯಪನ್ನು ಬರೆಯಬಹುದು. ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ವೈಫೈ ಹೋಗುವುದಿಲ್ಲವಾದ್ದರಿಂದ ಅಲ್ಲಿ ಕೂತವರಿಗೆ ಇದು ಹೊಳೆಯುವುದಿಲ್ಲ.

ಸರ್ಕಾರಕ್ಕೆ ಗೊತ್ತಿಲ್ಲವೆಂದೇನೂ ಅಲ್ಲ. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಆನ್‌ಲೈನ್ ಪಾಠ ಎಲ್ಲರಿಗೂ ಮುಟ್ಟದೆಂದು ‘ವಿದ್ಯಾಗಮ’ ತಂದವರು ಇವರೇ. ಗುಡಿಯ ಕಟ್ಟೆ, ಮರದ ನೆರಳಿಗೆ ಮೇಷ್ಟ್ರು ಹೋದರು. ಆ ಬುದ್ಧಿ ಈಗ ಎಲ್ಲಿ ಹೋಯಿತು? 371(ಜೆ) ಬಂದು ದಶಕ ದಾಟಿತು. ಕಲ್ಯಾಣ ಕರ್ನಾಟಕ ಮಂಡಳಿಗೆ ಪ್ರತಿವರ್ಷ ಹಣ ಬರುತ್ತದೆ. ಅದರಲ್ಲಿ ಚಿಲ್ಲರೆ ಕಾಸು ತೆಗೆದು ದೇವದುರ್ಗ, ಮಾನ್ವಿಯ ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇಡಲಿ. ಕನ್ನಡ ವಿಕಿಪೀಡಿಯ, ನಿಘಂಟು, ಪಠ್ಯಪುಸ್ತಕ ಅದರೊಳಗಿದ್ದರೆ ಸುತ್ತಲಿನ ಫೋನುಗಳಿಗೆ ವೈಫೈನಲ್ಲೇ ಸಿಗುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಕಿವಿಕ್ಸ್‌ನವರು ಇಂಥ ಪೆಟ್ಟಿಗೆಯ ತಂತ್ರಾಂಶವನ್ನೂ ಕೊಡುತ್ತಾರೆ.

2024ರಲ್ಲಿ ಅಂಗಡಿ ಫಲಕಗಳಲ್ಲಿ ಶೇ. 60 ಕನ್ನಡ ಎಂದು ಕಾಯ್ದೆಗೆ ತಿದ್ದುಪಡಿಯಾಗಿದ್ದು ನೀವು ಬೀದಿಗಿಳಿದಿದ್ದಕ್ಕೆ. ಈಗ ಫೋನಿನ ಸರದಿ. ಬರುವ ನವೆಂಬರ್ 1ರಂದು ರಾಯಚೂರಿನ ಮೆರವಣಿಗೆಗೆ ಬರುವ ಹುಡುಗರು ಬಾವುಟದ ಜೊತೆ ಕನ್ನಡ ತುಂಬಿದ ಒಂದೊಂದು ಮೆಮೊರಿ ಕಾರ್ಡು ತರಲಿ. ಮರುದಿನ ದೇವದುರ್ಗದ ಬಸ್ಸು ಹತ್ತಿ, ಸಿಗ್ನಲ್ ಇಲ್ಲದ ಊರಿನ ಶಾಲೆಯಲ್ಲಿ ಕೊಟ್ಟು ಬರಲಿ. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯಲ್ಲಿ ಆ ಪೆಟ್ಟಿಗೆಯ ಬೇಡಿಕೆ ಮೊದಲನೆಯದಾಗಿರಲಿ.