ಹಿಮವಿಲ್ಲದ ಊರಿನ ಹಾದಿ

ರಾಣೆಬೆನ್ನೂರಿನ ಮಿತ್ರರೊಬ್ಬರು ಮೊನ್ನೆ ನಿಟ್ಟುಸಿರಿಟ್ಟರು: “ಮಗಳು ಒಂದು ವರ್ಷ ಓಡಿದಳು, ಹಾವೇರಿಯ ಪಂದ್ಯದಲ್ಲಿ ಬಹುಮಾನ ಬರಲಿಲ್ಲ. ಇನ್ನು ಓಟ ಸಾಕು, ಪಾಠ ನೋಡಿಕೊಳ್ಳಲಿ.”

ನಾನು ಅವರಿಗೆ ಕೊಡಗಿನ ತೆಕ್ಕಡ ಭವಾನಿಯವರ ಸಂಗತಿ ಹೇಳಿದೆ. ಹಿಮವೇ ಬೀಳದ ನಾಡಿನ ಹೆಣ್ಣುಮಗಳು. 2023ರಲ್ಲಿ ಸ್ಲೊವೇನಿಯಾದ ವಿಶ್ವ ಸ್ಕೀಯಿಂಗ್ ಪಂದ್ಯಕ್ಕೆ ಹೋದರು. 2025ರಲ್ಲಿ ಚಿಲಿಯಲ್ಲಿ 5 ಕಿಲೋಮೀಟರ್ ಸ್ಪರ್ಧೆಯ ಕಂಚು ಗೆದ್ದರು. ಈ ದೂರದ ಸ್ಕೀಯಿಂಗ್ ಒಂದೇ ಚಳಿಗಾಲದಲ್ಲಿ ಒಲಿಯುವ ವಿದ್ಯೆಯಲ್ಲ. ಹಿಮ ಕರಗಿದ ತಿಂಗಳುಗಳಲ್ಲಿ ಪಟುಗಳು ಗಾಲಿಯ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಸಾಗುತ್ತಾರೆ. ಅಭ್ಯಾಸದ ಬಹುಭಾಗ ನಿಧಾನವಾದ ದೀರ್ಘ ಶ್ರಮ. ವೇಗದ ಪಾಲು ಸ್ವಲ್ಪ. ಹೃದಯ, ಶ್ವಾಸಕೋಶಗಳು ವರ್ಷದಿಂದ ವರ್ಷಕ್ಕೆ ಬಲಿಯುತ್ತವೆ. ದೇಹ ದಣಿದರೆ ವರಸೆ ಕೆಡುತ್ತದೆ. ಆದ್ದರಿಂದ ಕಸುವೂ ಕೌಶಲವೂ ಜೊತೆಯಾಗಿಯೇ ಬೆಳೆಯಬೇಕು.

“ಬ್ಯಾಡಗಿ ಮೆಣಸಿನಕಾಯಿ ಇನ್ನೂ ಕೆಂಪೇರಲಿಲ್ಲವೆಂದು ಗಿಡವನ್ನೇ ಕಿತ್ತುಹಾಕುವವರುಂಟೆ?” ಎಂದು ಕೇಳಿದೆ.

ಮಿತ್ರರು ನಕ್ಕರು, ಪರೀಕ್ಷೆಯ ಚಿಂತೆ ಮಾತ್ರ ಮುಖದಿಂದ ಅಳಿಯಲಿಲ್ಲ. “ಪಾಠಕ್ಕೆ ಸಂಜೆಯುಂಟು, ಓಟಕ್ಕೆ ಮುಂಜಾನೆ ಒಂದು ಗಂಟೆ ಬಿಟ್ಟುಕೊಡಿ” ಎಂದೆ.

“ಆಗಲಿ, ಬರುವ ಬೇಸಗೆಯವರೆಗೆ ನೋಡೋಣ” ಎಂದರು.

ಒಂದು ಬೇಸಗೆ ಸಾಲದು, ವಾಚಕರೇ. ಆದರೆ ಆರಂಭಕ್ಕೆ ಸಾಕು.